ಮರದ ನೆಲ ಬಾಯಿ ಬಿಟ್ಟರೆ ಅಡ್ವಾನ್ಸ್ ಯಾರ ಪಾಲಿಗೆ?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನ ಅಪಾರ್ಟ್‌ಮೆಂಟ್ ಒಂದರ ಮೂರನೆಯ ಮಹಡಿಯಲ್ಲಿ ಕಳೆದ ಜೂನ್‌ನಿಂದ ಬಾಡಿಗೆಗಿದ್ದೇವೆ. ಬಾಡಿಗೆ 16,000 ರೂಪಾಯಿ, ಅಡ್ವಾನ್ಸ್ 1,20,000 ರೂಪಾಯಿ, ಕರಾರು 11 ತಿಂಗಳದ್ದು. ಹಜಾರಕ್ಕೆ ಟೈಲ್ಸ್ ಇದೆ, ಎರಡು ಮಲಗುವ ಕೋಣೆಗಳಿಗೆ ಮರದ ನೆಲ. ಕರಾರಿನಲ್ಲಿ ‘ಎರಡೂ ಕೋಣೆಗಳಲ್ಲಿ ತೇಗದ ನೆಲವಿದ್ದು, ಬಾಡಿಗೆದಾರರಿಂದ ಹಾನಿಯಾದಲ್ಲಿ ವೆಚ್ಚವನ್ನು ಅಡ್ವಾನ್ಸ್‌ನಲ್ಲಿ ಹಿಡಿಯಲಾಗುವುದು’ ಎಂದಿದೆ. ಜನವರಿ ಕಳೆದ ಮೇಲೆ ದೊಡ್ಡ ಕೋಣೆಯ 12 ಸೆಂ.ಮೀ ಅಗಲದ ಹಲಗೆಗಳ ನಡುವೆ ಎಟಿಎಂ ಕಾರ್ಡ್ ತೂರುವಷ್ಟು ಸಂದು ಬಿಟ್ಟಿದೆ. ಅದೇ ಕೋಣೆಯಲ್ಲಿ ಬಾತ್‌ರೂಮಿನ ಗೋಡೆಯ ಪಕ್ಕ ಎರಡಡಿ ಅಗಲಕ್ಕೆ ಹಲಗೆಗಳ ಅಂಚು ಮೇಲೆದ್ದು ಕಪ್ಪಾಗಿದೆ. ಇದು ನವೆಂಬರ್‌ನಿಂದಲೇ ಶುರುವಾಯಿತು. ಒಂದು ಮೂಲೆಯಲ್ಲಿ ಸಣ್ಣ ತೂತುಗಳಿಂದ ಬಿಳಿ ಪುಡಿ ಉದುರುತ್ತಿದೆ, ಗೆದ್ದಲೇನೋ ಎಂಬ ಭಯ. ಚಿಕ್ಕ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಕುರ್ಚಿಯ ಚಕ್ರದಿಂದ ಗೀರುಗಳಾಗಿವೆ. ಕೆಲಸದವರು ದಿನವೂ ಫಿನಾಯಿಲ್ ನೀರಿನಲ್ಲಿ ಒರೆಸುತ್ತಾರೆ, ನೆಲ ಮಂಕಾಗಿದೆ. ಕೆಳಗಿನ ಮನೆಯವರು ಸದ್ದಿನ ಬಗ್ಗೆ ಆಗಾಗ ದೂರುತ್ತಾರೆ, ಅವರನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದೇವೆ. ಮೊನ್ನೆ ಬಂದು ನೋಡಿದ ಮಾಲೀಕರು, ‘ನೀರು ಹಾಕಿ ಒರೆಸಿ ತೇಗವನ್ನೆಲ್ಲ ಕೆಡಿಸಿದ್ದೀರಿ, ಎರಡೂ ಕೋಣೆ ಹೊಸದಾಗಿ ಮಾಡಿಸಿ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತೇನೆ’ ಎಂದಿದ್ದಾರೆ. ಏಪ್ರಿಲ್ ಕೊನೆಗೆ ಕರಾರು ಮುಗಿಯುತ್ತದೆ. ತಪ್ಪು ನಮ್ಮದೇ? ಕೊಬ್ಬರಿ ಎಣ್ಣೆ ಸವರಿದರೆ, ಸಂದಿಗೆ ಪುಟ್ಟಿ ತುಂಬಿದರೆ ಸರಿಹೋಗುತ್ತದೆ ಎನ್ನುತ್ತಾರೆ, ನಿಜವೇ? ಈ ಮನೆಯಲ್ಲಿ ಮುಂದುವರಿಯಬಹುದೇ?

ಉತ್ತರ: ನಿಮ್ಮ ಪತ್ರ ಮತ್ತು ಜೊತೆಗಿದ್ದ ಹನ್ನೊಂದು ಚಿತ್ರಗಳನ್ನು ಎರಡು ಸಲ ನೋಡಿದೆ. ನೆಲ ಕೆಟ್ಟಿದೆ ಎಂಬ ಒಂದೇ ಮಾತಿನಲ್ಲಿ ಮಾಲೀಕರೂ ನೀವೂ ಐದು ಬೇರೆ ಬೇರೆ ಸಂಗತಿಗಳನ್ನು ಕಟ್ಟಿಹಾಕಿದ್ದೀರಿ. ಸಂದು ಬಿಟ್ಟಿರುವುದು ಒಂದು, ಅಂಚು ಎದ್ದಿರುವುದು ಇನ್ನೊಂದು, ಪುಡಿ ಮತ್ತೊಂದು. ಗೀರು ಮತ್ತು ಮಂಕು ಬೇರೆಯೇ ಲೆಕ್ಕ. ಇವುಗಳ ಕಾರಣಗಳು ಬೇರೆ, ಹೊಣೆಗಾರರೂ ಬೇರೆ. ಇಪ್ಪತ್ತಾರು ವರ್ಷಗಳಿಂದ ಬಾಗಿಲು, ಕಿಟಕಿ, ಮರದ ನೆಲಗಳ ಕೆಲಸದಲ್ಲಿರುವ ನಾನು ಇಂಥ ಜಗಳಗಳ ನಡುವೆ ಎಷ್ಟೋ ಬಾರಿ ಕೂತಿದ್ದೇನೆ. ಯಾರ ತಪ್ಪು ಎಂದು ಮೊದಲು ಕೇಳಿದಲ್ಲಿ ಅದು ಕೋರ್ಟಿನವರೆಗೂ ಹೋದದ್ದಿದೆ. ನೀರು ಎಲ್ಲಿಂದ ಬಂತು ಎಂದು ಮೊದಲು ಕೇಳಿದಲ್ಲಿ ಹೆಚ್ಚಿನ ಸಲ ಮನೆಯಲ್ಲೇ ತೀರ್ಮಾನವಾಗಿದೆ.

ಎಲ್ಲಕ್ಕಿಂತ ಮೊದಲು ನಿಮ್ಮ ಕಾಲ ಕೆಳಗಿರುವುದು ಏನು ಎಂಬುದು ಗೊತ್ತಾಗಬೇಕು. ನಮ್ಮ ಕಡೆ ಮರದ ನೆಲ ಎಂದರೆ ಮೂರು ಬಗೆಯ ವಸ್ತುಗಳಿಗೆ ಒಂದೇ ಹೆಸರು. ಒಂದು, ಇಡೀ ದಪ್ಪವೂ ಒಂದೇ ಮರವಾಗಿರುವ ಗಟ್ಟಿ ಹಲಗೆ. ಸಾಮಾನ್ಯವಾಗಿ 18ರಿಂದ 20 ಮಿ.ಮೀ ದಪ್ಪ. ಎರಡನೆಯದು ಎಂಜಿನಿಯರ್ಡ್ ವುಡ್, ಅಂದರೆ ಮೇಲೆ ಕೆಲವು ಮಿಲಿಮೀಟರ್ ದಪ್ಪದ ನಿಜವಾದ ಮರ, ಅಡಿಯಲ್ಲಿ ಪ್ಲೈವುಡ್. ಮೂರನೆಯದು ಲ್ಯಾಮಿನೇಟ್, ಒತ್ತಿ ಮಾಡಿದ ಮರದ ಪುಡಿಯ ಹಲಗೆಯ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೊಂದು ಪಾರದರ್ಶಕ ಗಟ್ಟಿ ಪದರ. ಇದರಲ್ಲಿ ನೋಡುವ ಕಣ್ಣಿಗೆ ಕಾಣುವ ಮರವೆಲ್ಲ ಚಿತ್ರವೇ.

ನಿಮ್ಮ ಚಿಕ್ಕ ಕೋಣೆಯ ಚಿತ್ರದಲ್ಲಿ ಕಿಟಕಿಯ ಕೆಳಗಿನ ಹಲಗೆಯಲ್ಲೊಂದು ಗಂಟು ಇದೆ. ಅದೇ ಗಂಟು, ಅದರ ಎಡಕ್ಕೆ ಅದೇ ಸೀಳುಗೆರೆಯ ಸಹಿತ, ನಾಲ್ಕು ಹಲಗೆ ದಾಟಿದ ಮೇಲೆ ಮತ್ತೆ ಕಾಣಿಸುತ್ತದೆ, ಬೀರುವಿನ ಪಕ್ಕದಲ್ಲಿ ಮೂರನೆಯ ಸಲವೂ ಇದೆ. ಎರಡು ಮರಗಳಲ್ಲಿ ಒಂದೇ ಗಂಟು ಹುಟ್ಟುವುದಿಲ್ಲ. ಚಿಕ್ಕ ಕೋಣೆಯ ನೆಲ ಲ್ಯಾಮಿನೇಟ್, ಅದರಲ್ಲಿ ನನಗೆ ಸಂದೇಹವಿಲ್ಲ. ದೊಡ್ಡ ಕೋಣೆಯದು ನಿಜವಾದ ಮರ. ಗಟ್ಟಿ ಹಲಗೆಯೋ ಎಂಜಿನಿಯರ್ಡ್ ವುಡ್ಡೋ ಎಂಬುದನ್ನು ತಿಳಿಯಲು ಬಾಗಿಲ ಬಳಿ ಟೈಲ್ಸ್ ಮತ್ತು ಮರ ಕೂಡುವೆಡೆ ಹೊಡೆದಿರುವ ಪಟ್ಟಿಯನ್ನು ಬಿಚ್ಚಿಸಿ ಹಲಗೆಯ ಕಡಿದ ಅಂಚನ್ನು ನೋಡಬೇಕು. ಅಡ್ಡಪದರಗಳು ಕಂಡರೆ ಪ್ಲೈವುಡ್, ಒಂದೇ ಎಳೆ ಮೇಲಿನಿಂದ ಕೆಳಗಿನವರೆಗೆ ಹರಿದಿದ್ದರೆ ಗಟ್ಟಿ ಮರ. ಮಾಲೀಕರ ಎದುರಿನಲ್ಲೇ ಬಿಚ್ಚಿಸಿರಿ. ಕರಾರಿನಲ್ಲಿ ಎರಡೂ ಕೋಣೆಗೆ ತೇಗ ಎಂದು ಬರೆದಿರುವುದರಿಂದ ಈ ಐದು ನಿಮಿಷದ ಕೆಲಸಕ್ಕೆ ಬೆಲೆ ಇದೆ. ಅವರು ಮೋಸ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಕಟ್ಟಿದವರು ಹೇಳಿದ್ದನ್ನೇ ನಂಬಿ ಅವರು ಬರೆಸಿರಬಹುದು, ಅಂಥವರನ್ನು ಬಹಳ ಕಂಡಿದ್ದೇನೆ.

ಈಗ ಸಂದಿನ ವಿಷಯ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯಲ್ಲಿನ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಗಾಳಿಯ ಆರ್ದ್ರತೆ ಶೇ 40ರ ಆಸುಪಾಸಿನಲ್ಲಿ ನಿಂತರೆ ಮರದೊಳಗಿನ ತೇವ ಶೇ 7ರಿಂದ 8ಕ್ಕೆ ಇಳಿಯುತ್ತದೆ. ಆರ್ದ್ರತೆ ಶೇ 65 ಆದರೆ ಮರದ ತೇವ ಶೇ 12ರ ಹತ್ತಿರ, ಶೇ 80 ಆದರೆ ಶೇ 16ರ ಹತ್ತಿರ. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಬಯಲುಸೀಮೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಟ್ಟೆ ಎರಡು ದಿನವಾದರೂ ಒಣಗದ ಊರಿನಲ್ಲೇ ಫೆಬ್ರವರಿ ದಾಟಿದರೆ ತುಟಿ ಒಡೆಯುವಷ್ಟು ಒಣಗಾಳಿ. ಮರವೂ ಹಾಗೆಯೇ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಸೊರಗುತ್ತದೆ. ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಎದ್ದು ಕಾಣುತ್ತದೆ. ತೇಗ ಈ ವಿಷಯದಲ್ಲಿ ಬಹಳ ಸಂಯಮದ ಮರ, ಅದಕ್ಕೇ ಬಾಗಿಲಿಗೆ ಅದನ್ನೇ ಕೇಳುವುದು. ಆದರೂ ತೇವದಲ್ಲಿ ಪ್ರತಿ ಒಂದು ಶೇಕಡ ಇಳಿಕೆಗೆ ಅಗಲದಲ್ಲಿ ಹೆಚ್ಚೆಂದರೆ ಶೇ 0.2ರಷ್ಟು ಕುಗ್ಗುತ್ತದೆ. ನಿಮ್ಮ ಹಲಗೆ 12 ಸೆಂ.ಮೀ ಅಗಲವೆಂದು ಬರೆದಿದ್ದೀರಿ. ಮಳೆಗಾಲದಿಂದ ಬೇಸಿಗೆಗೆ ನಾಲ್ಕು ಶೇಕಡ ಇಳಿದರೆ ಪ್ರತಿ ಹಲಗೆಯೂ ಒಂದು ಮಿಲಿಮೀಟರಿನ ಹತ್ತಿರ ಕಿರಿದಾಗುತ್ತದೆ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ನಿಮ್ಮ ಅಳತೆಯೂ ನನ್ನ ಲೆಕ್ಕವೂ ಒಂದಕ್ಕೊಂದು ಕೂಡುತ್ತವೆ.

ಹೀಗಾಗಿ ಆ ಸಂದು ನೀರು ಹಾಕಿದ್ದರಿಂದ ಆದದ್ದಲ್ಲ. ನೀರು ತಾಕಿದರೆ ಮರ ಅಗಲವಾಗುತ್ತದೆಯೇ ಹೊರತು ಕಿರಿದಾಗುವುದಿಲ್ಲ. ಮಾಲೀಕರ ವಾದ ಇಲ್ಲಿ ತಲೆಕೆಳಗಾಗಿದೆ. ಕೋಣೆಯ ಉದ್ದಗಲಕ್ಕೂ ಸಂದುಗಳು ಹೆಚ್ಚುಕಡಿಮೆ ಸಮನಾಗಿ ಹರಡಿದ್ದರೆ ಅದು ಋತುವಿನ ಉಸಿರಾಟ. ಒಂದೇ ಜಾಗದಲ್ಲಿ ಅರ್ಧ ಬೆರಳು ಬಿರಿದು ಉಳಿದೆಡೆ ಬಿಗಿಯಾಗಿದ್ದರೆ ಅಂಟೋ ಮೊಳೆಯೋ ಬಿಟ್ಟಿದೆ ಎಂದರ್ಥ. ನಿಮ್ಮ ಚಿತ್ರಗಳಲ್ಲಿ ಅಂಥದ್ದು ಕಾಣಲಿಲ್ಲ.

ಪುಟ್ಟಿ ತುಂಬುವ ಸಲಹೆ ಕೊಟ್ಟವರು ಯಾರೋ ಗೊತ್ತಿಲ್ಲ, ದಯವಿಟ್ಟು ಮಾಡಬೇಡಿ. ಬೇಸಿಗೆಯಲ್ಲಿ ತುಂಬಿದ ಪುಟ್ಟಿ ಮಳೆಗಾಲಕ್ಕೆ ಉಬ್ಬುವ ಹಲಗೆಗೆ ಜಾಗ ಕೊಡುವುದಿಲ್ಲ. ಆಗ ಒಂದೋ ಪುಟ್ಟಿ ಪುಡಿಯಾಗಿ ಹೊರಬರುತ್ತದೆ, ಇಲ್ಲವೇ ಹಲಗೆಗಳು ಒಂದನ್ನೊಂದು ನೂಕಿ ನಡುವೆ ಡೇರೆಯಂತೆ ಎದ್ದು ನಿಲ್ಲುತ್ತವೆ. ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಅಡಿಯಲ್ಲಿ 8ರಿಂದ 12 ಮಿ.ಮೀ ಖಾಲಿ ಬಿಡುವುದೇ ಈ ಹಿಗ್ಗುವಿಕೆಗಾಗಿ. ನನ್ನದೇ ಕೆಲಸದ ಆರಂಭದ ವರ್ಷಗಳಲ್ಲಿ, ನೋಡಲು ಚೆಂದವಿರಲಿ ಎಂದು ಒಂದು ಮನೆಯಲ್ಲಿ ಆ ಜಾಗವನ್ನು ಬಿಡದೆ ಗೋಡೆಗೆ ಒತ್ತಿ ಹೊಡೆಸಿದ್ದೆ. ಅಕ್ಟೋಬರ್‌ನಲ್ಲಿ ಕರೆ ಬಂತು, ಹೋಗಿ ನೋಡಿದರೆ ಕೋಣೆಯ ನಡುವೆ ನೆಲ ಗೇಣುದ್ದ ಎದ್ದಿತ್ತು. ಪೂರ್ತಿ ಕಿತ್ತು ನನ್ನ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟೆ.

ಬಾತ್‌ರೂಮಿನ ಗೋಡೆಯ ಪಕ್ಕದ ಕಥೆ ಇದಕ್ಕೆ ವಿರುದ್ಧವಾದದ್ದು, ಗಂಭೀರವಾದದ್ದೂ ಹೌದು. ಹಲಗೆಯ ಎರಡು ಅಂಚೂ ಎದ್ದು ನಡುಭಾಗ ತಗ್ಗಾಗುವುದು, ಬಿಸಿಲಿಗಿಟ್ಟ ಅಡಿಕೆ ಹಾಳೆ ಮುರುಟಿಕೊಂಡಂತೆ, ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಹೆಚ್ಚು ತೇವ ಕುಡಿದಿದೆ ಎಂಬುದರ ಗುರುತು. ಅಡಿ ಹಿಗ್ಗುತ್ತದೆ, ಮೇಲ್ಭಾಗ ಹಿಗ್ಗುವುದಿಲ್ಲ, ಆದ್ದರಿಂದ ಅಂಚುಗಳು ಮೇಲಕ್ಕೆ ಬಾಗುತ್ತವೆ. ನೆಲ ಒರೆಸುವ ನೀರು ಸಂದುಗಳಿಂದ ಇಳಿದು ಅಡಿಯಲ್ಲಿ ನಿಂತರೂ ಹೀಗಾಗಬಹುದು ಎಂಬುದನ್ನು ನಾನು ಪ್ರಾಮಾಣಿಕವಾಗಿ ಹೇಳಲೇಬೇಕು. ಮಾಲೀಕರು ಬಡಗಿಯನ್ನು ಕರೆತಂದರೆ ಅವನೂ ಇದನ್ನೇ ಹೇಳುತ್ತಾನೆ. ಆದರೆ ಒರೆಸುವವರು ಒಂದೇ ಬಕೆಟ್ಟಿನ ನೀರಿನಲ್ಲಿ ಇಡೀ ಕೋಣೆಯನ್ನು ಒರೆಸುತ್ತಾರೆ. ಅದೇ ಕಾರಣವಾಗಿದ್ದರೆ ಬಾಗು ಕೋಣೆಯಿಡೀ ಇರಬೇಕಿತ್ತು, ಜನ ಹೆಚ್ಚು ಓಡಾಡುವ ಬಾಗಿಲ ಬಳಿ ಇನ್ನಷ್ಟು ಇರಬೇಕಿತ್ತು. ಬಾತ್‌ರೂಮಿನ ಗೋಡೆಗೆ ಅಂಟಿಕೊಂಡ ಎರಡಡಿಯಲ್ಲಿ ಮಾತ್ರ ಇದ್ದು, ಬೇಸಿಗೆಯಲ್ಲಿ ಉಳಿದ ಕೋಣೆ ಒಣಗಿ ಸಂದು ಬಿಟ್ಟಾಗಲೂ ಅಲ್ಲಿ ಮಾತ್ರ ಕಪ್ಪಗೆ ಉಬ್ಬಿಕೊಂಡಿರುವುದು, ಗೋಡೆಯ ಆಚೆಯಿಂದ ನೀರು ಸದಾ ಬರುತ್ತಿದೆ ಎಂಬುದಕ್ಕೆ ಬಲವಾದ ಸೂಚನೆ. ಮರದೊಳಗಿನ ತೇವ ಶೇ 20ನ್ನು ದಾಟಿ ಬಹಳ ದಿನ ನಿಂತಾಗ ಬೂಷ್ಟು ಬೇರೂರುತ್ತದೆ. ಆ ಕಪ್ಪು ಬಹುಶಃ ಅದೇ.

ಅಪಾರ್ಟ್‌ಮೆಂಟುಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ, ಪೈಪುಗಳನ್ನು ಹಾಯಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹಾಕಿರುತ್ತಾರೆ. ಟೈಲ್ಸ್ ನಡುವಿನ ಗ್ರೌಟ್ ಹೋದರೆ ಅಥವಾ ಒಳಗಿನ ಪೈಪಿನ ಜೋಡಣೆ ಸಡಿಲಾದರೆ ಆ ತಗ್ಗು ಒಂದು ಸಣ್ಣ ಕೆರೆಯಾಗುತ್ತದೆ. ಅದು ತುಂಬಿದ ಮೇಲೆ ನೀರು ಕೆಳಗಿನ ಮನೆಯ ಸೀಲಿಂಗಿಗೋ ಪಕ್ಕದ ಕೋಣೆಯ ನೆಲದಡಿಗೋ ದಾರಿ ಹುಡುಕುತ್ತದೆ. ಪತ್ತೆಹಚ್ಚುವುದು ಕಷ್ಟವಲ್ಲ. ಬಾತ್‌ರೂಮಿನ ನೀರು ಹೋಗುವ ಬಾಯಿಯನ್ನು ಬಟ್ಟೆ ತುರುಕಿ ಮುಚ್ಚಿ, ಹೊಸ್ತಿಲು ದಾಟದಂತೆ ಒಂದಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟವನ್ನು ಪೆನ್ಸಿಲಿನಲ್ಲಿ ಗುರುತಿಸಿ, 24 ಗಂಟೆ ಬಿಟ್ಟು ನೋಡಬೇಕು. ಮಟ್ಟ ಗಣನೀಯವಾಗಿ ಇಳಿದರೆ ನೆಲ ಸೋರುತ್ತಿದೆ. ಇಳಿಯದಿದ್ದರೆ ಗೋಡೆಯೊಳಗಿನ ಪೈಪನ್ನು ಅನುಮಾನಿಸಬೇಕು. ಪ್ಲಂಬರ್ ಒತ್ತಡ ಕೊಟ್ಟು ಪರೀಕ್ಷಿಸುತ್ತಾನೆ. ಈ ಪರೀಕ್ಷೆಗೆ ಮುಂಚೆ ಕೆಳಗಿನ ಮನೆಯವರಿಗೆ ಹೇಳಿರಿ, ಇಲ್ಲವಾದರೆ ಅವರ ಸೀಲಿಂಗ್ ತೊಟ್ಟಿಕ್ಕಿ ಹೊಸ ಜಗಳವಾದೀತು.

ಅವರ ಮಾತು ಬಂದದ್ದರಿಂದ ಒಂದು ಸಲಹೆ. ಸದ್ದಿನ ದೂರಿಗಾಗಿ ಅವರನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದೀರಿ ಎಂದು ಬರೆದಿದ್ದೀರಿ. ಒಂದು ಸಂಜೆ ಅವರ ಮನೆಗೇ ಹೋಗಿ, ಅವರ ಬಾತ್‌ರೂಮಿನ ಸೀಲಿಂಗಿನಲ್ಲಿ ಒದ್ದೆ ಕಲೆ ಇದೆಯೇ, ಯಾವಾಗಿನಿಂದ ಇದೆ ಎಂದು ವಿಚಾರಿಸಿರಿ. ನೀವು ಬರುವ ಮುಂಚಿನಿಂದಲೂ ಇದೆ ಎಂದು ಅವರು ಹೇಳಿದರೆ ನಿಮ್ಮ ಪಾಲಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಸದ್ದಿನ ದೂರಿನಲ್ಲೂ ಸತ್ಯಾಂಶವಿದೆ. ಅಂಟಿಸದೆ ಸುಮ್ಮನೆ ಹಾಸಿ ಕೊಂಡಿ ಸೇರಿಸಿದ ಲ್ಯಾಮಿನೇಟ್ ಟೊಳ್ಳಾಗಿ ಸದ್ದು ಮಾಡುತ್ತದೆ, ಅಡಿಯಲ್ಲಿನ ಫೋಮ್ ತೆಳುವಾಗಿದ್ದರೆ ಇನ್ನೂ ಹೆಚ್ಚು. ಕುರ್ಚಿ, ಮಂಚದ ಕಾಲುಗಳಿಗೆ ದಪ್ಪ ಉಣ್ಣೆಬಟ್ಟೆಯ ಬಿಲ್ಲೆ ಅಂಟಿಸಿ, ಚಕ್ರದ ಕುರ್ಚಿಯ ಅಡಿಗೆ ಹತ್ತಿಯ ಜಮಖಾನ ಹಾಸಿದರೆ ಅರ್ಧ ದೂರು ಅಲ್ಲಿಗೇ ನಿಲ್ಲುತ್ತದೆ. ರಬ್ಬರ್ ತಳದ ಮ್ಯಾಟ್ ಬೇಡ. ಅದರಲ್ಲಿನ ರಾಸಾಯನಿಕ ಪಾಲಿಶಿನೊಳಗೆ ಇಳಿದು ಹಳದಿ ಕಲೆ ಬಿಡುತ್ತದೆ.

ಬಿಳಿ ಪುಡಿಯನ್ನು ಕಂಡ ಕೂಡಲೇ ಗೆದ್ದಲು ಎಂದು ಹೆದರಿದ್ದೀರಿ. ಮಣ್ಣಿನ ಗೆದ್ದಲು ಪುಡಿ ಉದುರಿಸುವುದಿಲ್ಲ, ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುತ್ತದೆ. ಪೈಪುಗಳು ಹಾಯುವ ಓಣಿಯ ಮೂಲಕ ಮೂರನೆಯ ಮಹಡಿಗೂ ಏರಬಲ್ಲದು, ಹಾಗಾಗಿ ಬಾತ್‌ರೂಮಿನ ಪಕ್ಕ ಒಮ್ಮೆ ಹುಡುಕಿ ನೋಡಿರಿ. ಒಣಮರದ ಗೆದ್ದಲಾದರೆ ಉದುರಿದ್ದು ಗಸಗಸೆ ಕಾಳಿನಂತೆ ಗುಂಡುಗುಂಡಾಗಿ ಕೈಗೆ ತಾಕುತ್ತದೆ. ಬೆರಳಿನಲ್ಲಿ ಉಜ್ಜಿದರೆ ಮೈದಾ ಹಿಟ್ಟಿನಷ್ಟು ನುಣುಪಾಗಿದ್ದು, ತೂತು ಗುಂಡುಸೂಜಿಯ ತಲೆಯಷ್ಟಿದ್ದರೆ ಅದು ಮರ ಕೊರೆಯುವ ಸಣ್ಣ ದುಂಬಿಯ ಮರಿಹುಳು. ಚಿತ್ರದಲ್ಲಿ ತೂತುಗಳಿರುವುದೆಲ್ಲ ಹಲಗೆಯ ಬಿಳಿಚು ಪಟ್ಟೆಯಲ್ಲಿಯೇ. ತೇಗದ ಚೇಗನ್ನು, ಅಂದರೆ ಒಳಗಿನ ಗಟ್ಟಿ ತಿರುಳನ್ನು, ಈ ಹುಳು ಮುಟ್ಟುವುದಿಲ್ಲ. ಪಿಷ್ಟ ತುಂಬಿದ ಹೊರಗಿನ ಬಿಳಿ ಭಾಗವೇ ಅದರ ಊಟ. ಪಾಲಿಶ್ ಆದ ಮೇಲ್ಮೈಯಲ್ಲಿ ಅದು ಮೊಟ್ಟೆಯಿಡಲಾರದು, ಆದ್ದರಿಂದ ಹಲಗೆ ನೆಲಕ್ಕೆ ಬರುವ ಮುಂಚೆಯೇ ಮೊಟ್ಟೆ ಒಳಗಿತ್ತು. ಬಿಳಿ ಭಾಗ ತೆಗೆಯದ ಅಗ್ಗದ ಹಲಗೆ ಹಾಕಿದವರ ಕೆಲಸವಿದು, ನಿಮ್ಮದಲ್ಲ. ಪುಡಿಯನ್ನು ಗುಡಿಸಿ, ತೂತುಗಳ ಮೇಲೆ ಟೇಪ್ ಅಂಟಿಸಿ ಎರಡು ವಾರ ಕಾಯಿರಿ. ಟೇಪಿನಲ್ಲಿ ಹೊಸ ತೂತು ಅಥವಾ ಹೊಸ ಪುಡಿ ಕಂಡರೆ ಹುಳು ಬದುಕಿದೆ, ಮಾಲೀಕರು ಕೀಟ ನಿಯಂತ್ರಣದವರನ್ನು ಕರೆಸಬೇಕು. ಕಾಣದಿದ್ದರೆ ಹಳೆಯ ಪುಡಿ ಓಡಾಟದ ಅದುರಿಗೆ ಉದುರುತ್ತಿದೆ ಅಷ್ಟೇ. ಸೀಮೆಎಣ್ಣೆ ಸುರಿಯುವ ಹಳೆಯ ಉಪಾಯ ಬೇಡ, ಪಾಲಿಶೂ ಹಾಳು, ಬೆಂಕಿಯ ಭಯವೂ ಬೇರೆ.

ಇನ್ನು ನಿಮ್ಮ ಪಾಲಿನದು. ನೆಲ ಮಂಕಾಗಿರುವುದಕ್ಕೆ ಫಿನಾಯಿಲ್ ಮತ್ತು ಬೋರ್‌ವೆಲ್ ನೀರು ಎರಡೂ ಕಾರಣ. ನಮ್ಮ ಊರಿನ ಬೋರ್ ನೀರು ಗಡಸು. ಸ್ಟೀಲ್ ಲೋಟದಲ್ಲಿ ಒಣಗಿದಾಗ ಉಳಿಯುವ ಬಿಳಿ ಪೊರೆಯೇ ದಿನ ದಿನವೂ ನೆಲದ ಮೇಲೂ ಕೂರುತ್ತದೆ, ಅದರ ಮೇಲೆ ಫಿನಾಯಿಲಿನ ಜಿಡ್ಡು. ಸಂತೋಷದ ಸಂಗತಿಯೆಂದರೆ ಇದು ಪಾಲಿಶಿನ ಮೇಲಿನ ಕೊಳೆ, ಮರದ ಹಾನಿಯಲ್ಲ. ಕುಡಿಯುವ ಫಿಲ್ಟರ್ ನೀರನ್ನು ಬಟ್ಟೆಗೆ ತಾಕಿಸಿ, ತೊಟ್ಟಿಕ್ಕದಂತೆ ಹಿಂಡಿ, ಎಳೆಯ ದಿಕ್ಕಿನಲ್ಲಿ ಒರೆಸಿ, ಹಿಂದೆಯೇ ಒಣಬಟ್ಟೆಯಲ್ಲಿ ಒರೆಸುತ್ತ ಬಂದರೆ ಒಂದೆರಡು ವಾರದಲ್ಲಿ ಹೊಳಪು ಬಹುಪಾಲು ಮರಳುತ್ತದೆ. ಅನಂತರ ದಿನವೂ ಪೊರಕೆ, ವಾರಕ್ಕೊಮ್ಮೆ ಹಿಂಡಿದ ಬಟ್ಟೆ ಸಾಕು. ಒದ್ದೆಯಾದ ಕಬ್ಬಿಣದ ವಸ್ತುಗಳನ್ನು, ಮುಖ್ಯವಾಗಿ ಗ್ಯಾಸ್ ಸಿಲಿಂಡರನ್ನು, ನಿಜವಾದ ಮರದ ಮೇಲೆ ಇಡಬೇಡಿ. ತುಕ್ಕು ಮರದ ಒಗರಿನೊಂದಿಗೆ ಕೂಡಿ ಶಾಯಿಯಂಥ ಕಪ್ಪು ಉಂಗುರ ಮಾಡುತ್ತದೆ, ಅದು ಒರೆಸಿದರೆ ಹೋಗುವುದಿಲ್ಲ.

ಕೊಬ್ಬರಿ ಎಣ್ಣೆಯ ಸಲಹೆ ಎಲ್ಲಿಂದ ಬಂತೆಂಬುದನ್ನು ಊಹಿಸಬಲ್ಲೆ. ತಿಪಟೂರಿನ ಕೊಬ್ಬರಿ ಇರುವ ಜಿಲ್ಲೆ ನಮ್ಮದು, ಅಜ್ಜಿಯರ ಕಾಲದ ರೆಡ್ ಆಕ್ಸೈಡ್ ನೆಲಕ್ಕೆ ಎಣ್ಣೆ ಸವರಿ ಕನ್ನಡಿಯಂತೆ ಮಾಡುತ್ತಿದ್ದುದನ್ನು ಕಂಡವರು ಮರಕ್ಕೂ ಅದನ್ನೇ ಹೇಳುತ್ತಾರೆ. ಪಾಲಿಶ್ ಆದ ಮರದೊಳಗೆ ಎಣ್ಣೆ ಇಳಿಯುವುದಿಲ್ಲ. ಕೊಬ್ಬರಿ ಎಣ್ಣೆ ಅಗಸೆ ಎಣ್ಣೆಯಂತೆ ಒಣಗಿ ಗಟ್ಟಿಯಾಗುವ ಜಾತಿಯದೂ ಅಲ್ಲ. ಮೇಲೆಯೇ ಉಳಿದು ಧೂಳು ಹಿಡಿಯುತ್ತದೆ, ಕಾಲು ಜಾರಿಸುತ್ತದೆ, ಮುಂದೆ ಮತ್ತೆ ಪಾಲಿಶ್ ಮಾಡಬೇಕಾದಾಗ ಅದು ಹಿಡಿಯದಂತೆ ಮಾಡುತ್ತದೆ.

ಕುರ್ಚಿಯ ಗೀರುಗಳು ನಿಮ್ಮವೇ. ನಿಜವಾದ ಮರವಾಗಿದ್ದರೆ ಮೇಲ್ಮೈಯನ್ನು ಅರ್ಧದಿಂದ ಒಂದು ಮಿ.ಮೀ ಉಜ್ಜಿ ತೆಗೆದು ಮತ್ತೆ ಪಾಲಿಶ್ ಮಾಡಬಹುದಿತ್ತು. ಗಟ್ಟಿ ಹಲಗೆ ಅದನ್ನು ಹಲವು ಸಲ ತಡೆಯುತ್ತದೆ. ಲ್ಯಾಮಿನೇಟನ್ನು ಒಮ್ಮೆಯೂ ಉಜ್ಜುವಂತಿಲ್ಲ, ಉಜ್ಜಿದರೆ ಚಿತ್ರವೇ ಹೋಗುತ್ತದೆ. ಹಲಗೆ ಬದಲಿಸುವುದೊಂದೇ ದಾರಿ. ಅಂಗಡಿಯಲ್ಲಿ ಅದೇ ನಮೂನೆ ಈಗ ಸಿಗುವುದು ಅನುಮಾನ. ಅಂಥ ಕಡೆ ನಾವು ಬೀರುವಿನ ಅಡಿಯಲ್ಲಿರುವ ಒಳ್ಳೆಯ ಹಲಗೆಗಳನ್ನು ತೆಗೆದು ಗೀರು ಬಿದ್ದ ಜಾಗಕ್ಕೆ ಹಾಕಿ, ಗೀರು ಬಿದ್ದವನ್ನು ಬೀರುವಿನ ಅಡಿಗೆ ಸೇರಿಸುತ್ತೇವೆ. ಯಾರಿಗೂ ಗೊತ್ತಾಗುವುದಿಲ್ಲ, ಮಾಲೀಕರಿಗೆ ತಿಳಿಸಿಯೇ ಮಾಡಬೇಕು ಅಷ್ಟೇ. ನಿಮ್ಮ ಚಿತ್ರದಲ್ಲಿ ಗೀರು ಬಿದ್ದಿರುವುದು ನಾಲ್ಕು ಹಲಗೆಗೆ. ಸುಮಾರು 1.2 ಮೀಟರ್ ಉದ್ದ, 19 ಸೆಂ.ಮೀ ಅಗಲದ ಹಲಗೆ ಎರಡೂವರೆ ಚದರ ಅಡಿಯಾಗುತ್ತದೆ. ನಾಲ್ಕಕ್ಕೆ ಹತ್ತು ಚದರ ಅಡಿ. ನಿಮ್ಮ ಹೊಣೆ ಆ ಹತ್ತು ಚದರ ಅಡಿ ಲ್ಯಾಮಿನೇಟ್ ಮತ್ತು ಬಡಗಿಯ ಒಂದು ದಿನದ ಕೂಲಿಯವರೆಗೆ ಬರಬಹುದು. ಎರಡು ಕೋಣೆಗಳ ಹೊಸ ತೇಗದ ಬೆಲೆಯವರೆಗೆ ಬರಲು ದಾರಿಯೇ ಇಲ್ಲ.

ಕಾನೂನು ನನ್ನ ಕಸುಬಲ್ಲ. ಆದರೆ ಈ ಜಗಳಗಳಲ್ಲಿ ವಕೀಲರ ಪಕ್ಕ ಕೂತು ಕಲಿತದ್ದನ್ನು ಹೇಳಬಲ್ಲೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ನೆಚ್ಚಬೇಡಿ. ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂಬ 2021ರ ಮಾತು ಕೇಂದ್ರದ ಮಾದರಿ ಕಾಯ್ದೆಯದು, ರಾಜ್ಯವೊಂದು ತನ್ನದಾಗಿ ಮಾಡಿಕೊಳ್ಳದೆ ಅದಕ್ಕೆ ಬಲ ಬರುವುದಿಲ್ಲ. ನಿಮ್ಮಿಬ್ಬರ ನಡುವೆ ಇರುವುದು ನಿಮ್ಮ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೆಯ ಕಲಮು, ಕರಾರಿನಲ್ಲಿ ಬೇರೆ ಮಾತಿಲ್ಲದಾಗ, ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಎನ್ನುತ್ತದೆ. ಸಹಜ ಬಳಕೆಯ ಸವೆತವನ್ನು ಅದರಿಂದ ಹೊರಗಿಡುತ್ತದೆ. ಮಾಲೀಕನಿಗೆ ಗೊತ್ತಿದ್ದು, ಬಾಡಿಗೆದಾರನ ಕಣ್ಣಿಗೆ ಸಾಮಾನ್ಯವಾಗಿ ಬೀಳದಂಥ ಮುಖ್ಯ ದೋಷವನ್ನು ಮಾಲೀಕ ಮೊದಲೇ ತಿಳಿಸಬೇಕು ಎಂಬುದೂ ಅಲ್ಲಿಯೇ ಇದೆ. ನಿಮ್ಮ ಕರಾರಿನಲ್ಲಿ ‘ಬಾಡಿಗೆದಾರರಿಂದ ಹಾನಿಯಾದಲ್ಲಿ’ ಎಂದಿರುವುದು ನಿಮ್ಮ ಅದೃಷ್ಟ. ಆ ಒಂದು ಪದದಿಂದಾಗಿ ಕಾರಣ ಯಾವುದು ಎಂಬ ಪ್ರಶ್ನೆ ಮೇಲೆ ಬರುತ್ತದೆ. ಬರಿಯ ‘ಹಾನಿಯಾದಲ್ಲಿ’ ಎಂದಿದ್ದರೆ ನಿಮ್ಮ ವಾದ ಬಹಳ ತೆಳುವಾಗುತ್ತಿತ್ತು.

ಮುಂದೆ ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ಅಡ್ವಾನ್ಸ್‌ನಲ್ಲೇ ತೀರಿಸಿಕೊಳ್ಳಲಿ ಎಂದು ಮಾರ್ಚ್, ಏಪ್ರಿಲ್ ಬಾಡಿಗೆಯನ್ನು ನಿಲ್ಲಿಸುವುದು ಎಲ್ಲರ ಮನಸ್ಸಿಗೂ ಮೊದಲು ಬರುವ ದಾರಿ. ಹಣ ಕೈಯಲ್ಲಿ ಉಳಿಯುತ್ತದೆ ನಿಜ, ಆದರೆ ಬಾಡಿಗೆ ಕೊಡದವರು ಎಂಬ ತಪ್ಪು ನಿಮ್ಮ ಮೇಲೆ ಹೊಸದಾಗಿ ಬರುತ್ತದೆ, ನೆಲದ ಪ್ರಶ್ನೆ ಹಿಂದೆ ಸರಿಯುತ್ತದೆ. ಕರಾರು ಅದಕ್ಕೆ ಅವಕಾಶ ಕೊಡದಿದ್ದರೆ ನಾನು ಬೇಡವೆನ್ನುತ್ತೇನೆ. ನೀವೇ ಬಾತ್‌ರೂಮ್ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಕಳೆಯುವುದು ಇನ್ನೊಂದು. ಮಾಲೀಕರೇ ಮಾಡಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟು ತಕ್ಕಷ್ಟು ಕಾಲ ಕಾದ ಮೇಲೂ ಅವರು ಮಾಡದಿದ್ದರೆ ಇದಕ್ಕೆ ಅದೇ ಕಲಮಿನಲ್ಲಿ ಅವಕಾಶವಿದೆ. ಆದರೆ ಈ ದುರಸ್ತಿ ಮಾಲೀಕರದೇ ಎಂಬುದನ್ನು ನೀವು ತೋರಿಸಬೇಕಾಗುತ್ತದೆ. ಟೈಲ್ಸ್ ಒಡೆದ ಮೇಲೆ ಖರ್ಚು ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಇಷ್ಟಕ್ಕೂ ನೀವು ಒಡೆದದ್ದರಿಂದಲೇ ಸೋರಿತು ಎಂಬ ಮಾತು ಬರಬಹುದು.

ನನ್ನ ಅನುಭವದಲ್ಲಿ ಹೆಚ್ಚು ಸಲ ಫಲ ಕೊಟ್ಟದ್ದು ನಿಮ್ಮ ಪಾಲನ್ನು ಮೊದಲು ಒಪ್ಪಿಕೊಳ್ಳುವ ದಾರಿ. ನಾಲ್ಕು ಹಲಗೆಯ ಖರ್ಚು ನಮ್ಮದು, ಮಂಕು ತೆಗೆಸುವುದು ನಮ್ಮದು ಎಂದು ಬರೆದು, ಅದೇ ಪತ್ರದಲ್ಲಿ ಬಾತ್‌ರೂಮಿನ ಸೋರಿಕೆಯ ಪರೀಕ್ಷೆಗೆ ದಿನ ಗೊತ್ತುಮಾಡಲು ಕೇಳಿರಿ. ಪತ್ರ ವಾಟ್ಸ್‌ಆ್ಯಪ್‌ನಲ್ಲಿ ಹೋದರೂ ಒಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಇಬ್ಬರಿಗೂ ಗುರುತಿಲ್ಲದ ಒಬ್ಬ ಬಡಗಿಯನ್ನು, ತೇವಾಂಶ ಅಳೆಯುವ ಮೀಟರ್ ಇರುವವನನ್ನು, ಕರೆಸಿ ಬಾತ್‌ರೂಮಿನ ಪಕ್ಕದ ಮತ್ತು ಕಿಟಕಿಯ ಪಕ್ಕದ ಹಲಗೆಗಳ ಅಂಕಿಗಳನ್ನು ಬರೆಸಿಕೊಳ್ಳಿರಿ. ಒಂದೇ ಕೋಣೆಯಲ್ಲಿ ಒಂದು ಕಡೆ 8, ಇನ್ನೊಂದು ಕಡೆ 20 ಬಂದರೆ ಮಾಲೀಕರೂ ಗೋಡೆಯ ಕಡೆಗೇ ನೋಡಬೇಕಾಗುತ್ತದೆ. ಇದರ ಅಪಾಯವೆಂದರೆ ನಿಮ್ಮ ಲಿಖಿತ ಒಪ್ಪಿಗೆಯನ್ನು ಇಡೀ ನೆಲಕ್ಕೆ ಎಳೆಯುವ ಪ್ರಯತ್ನ ನಡೆಯಬಹುದು. ಹಾಗಾಗಿ ಎಷ್ಟು ಹಲಗೆ, ಯಾವ ಕೋಣೆ ಎಂಬುದನ್ನು ಅಂಕಿಯಲ್ಲಿ ಬರೆಯಿರಿ. ಇದಕ್ಕೂ ಬಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮುಂಚಿನ ರಾಜಿ ಸಂಧಾನಕ್ಕೆ ಅರ್ಜಿ ಕೊಡಬಹುದು. ಕರಾರು ಮನೆಯ ಹೆಂಗಸರ ಹೆಸರಿನಲ್ಲಿದ್ದರೆ ಆದಾಯ ಎಷ್ಟೇ ಇದ್ದರೂ ಅವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ.

ಮುಂದುವರಿಯಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸೋರಿಕೆಯ ಮೇಲೆ ನಿಂತಿದೆ. ಮಾಲೀಕರು ಬಾತ್‌ರೂಮ್ ಸರಿಮಾಡಿಸಲು ಒಪ್ಪಿದರೆ ಮನೆ ಬಿಡುವ ಕಾರಣ ನನಗೆ ಕಾಣುವುದಿಲ್ಲ. ಆಗ ಒಂದು ಎಚ್ಚರ ಮಾತ್ರ ಬೇಕು: ಸೋರಿಕೆ ನಿಂತ ಕೂಡಲೇ ಬಾಗಿದ ಹಲಗೆಗಳನ್ನು ಉಜ್ಜಿ ಸಮ ಮಾಡಲು ಬಿಡಬೇಡಿ. ಎದ್ದ ಅಂಚನ್ನು ಈಗಲೇ ಉಜ್ಜಿ ತೆಗೆದರೆ, ಅಡಿಭಾಗ ಒಣಗಿ ಹಲಗೆ ಚಪ್ಪಟೆಯಾದಾಗ ನಡುಭಾಗ ಉಬ್ಬಿ ನಿಲ್ಲುತ್ತದೆ, ಆ ಹಾನಿ ಶಾಶ್ವತ. ಗಟ್ಟಿ ಮರವಾದರೆ ಎರಡು ಮೂರು ತಿಂಗಳು ಒಣಗಲು ಬಿಟ್ಟರೆ ಅರ್ಧಕ್ಕೂ ಹೆಚ್ಚು ಹಲಗೆಗಳು ತಾವೇ ಕೂರುವುದನ್ನು ನಾನು ಕಂಡಿದ್ದೇನೆ. ಕಪ್ಪಾದವನ್ನು ಮಾತ್ರ ಬದಲಿಸಿದರಾಯಿತು. ಸೋರಿಕೆಯನ್ನು ಮುಟ್ಟದೆ ಹೊಸ ನೆಲ ಹಾಕಿಸುತ್ತೇನೆ ಎಂದು ಅವರು ಹಟ ಹಿಡಿದರೆ ಹೊಸ ಕರಾರಿಗೆ ಸಹಿ ಹಾಕಬೇಡಿ, ಏಕೆಂದರೆ ಮುಂದಿನ ನವೆಂಬರ್‌ಗೆ ಹೊಸ ಹಲಗೆಯೂ ಹೀಗೆಯೇ ಏಳುತ್ತದೆ, ಆಗ ಇದೇ ಪತ್ರವನ್ನು ನೀವು ಮತ್ತೊಮ್ಮೆ ಬರೆಯಬೇಕಾಗುತ್ತದೆ.

ಬಿಡುವುದೇ ಆದರೆ, ಬೀಗದ ಕೈ ಕೊಡುವ ದಿನ ಇಬ್ಬರೂ ನಿಂತು ಎಲ್ಲ ಕೋಣೆಗಳ ಚಿತ್ರ ತೆಗೆದು, ಆ ದಿನಾಂಕದ ಪಟ್ಟಿಗೆ ಇಬ್ಬರೂ ಸಹಿ ಹಾಕಿರಿ. ಮಂಚ, ಬೀರು ಎತ್ತಿದಾಗ ಅಡಿಯಲ್ಲಿನ ಮರದ ಬಣ್ಣ ಬೇರೆಯಾಗಿ ಕಂಡರೆ ಗಾಬರಿಯಾಗಬೇಡಿ. ಬೆಳಕು ಬಿದ್ದ ತೇಗ ಒಂದು ಬಣ್ಣಕ್ಕೆ ತಿರುಗುತ್ತದೆ, ಮುಚ್ಚಿದ್ದ ಭಾಗ ಇನ್ನೊಂದು ಬಣ್ಣದಲ್ಲಿ ಉಳಿಯುತ್ತದೆ, ತೆರೆದಿಟ್ಟರೆ ಕೆಲವು ತಿಂಗಳಲ್ಲಿ ಹತ್ತಿರ ಹತ್ತಿರ ಒಂದಾಗುತ್ತದೆ. ಇದಕ್ಕಾಗಿ ಹಣ ಮುರಿದದ್ದನ್ನೂ ನಾನು ಕಂಡಿರುವುದರಿಂದ ಈ ಮಾತನ್ನು ಸಹಿಯಾಗುವ ಪಟ್ಟಿಯಲ್ಲೇ ಬರೆಸಿಬಿಡಿ. ಮುಂದುವರಿಯುವುದಾದರೆ, ಇಂದು ಎಟಿಎಂ ಕಾರ್ಡ್ ತೂರಿದ ಸಂದಿಯ ಪಕ್ಕ ಸ್ಕರ್ಟಿಂಗ್ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಕಾರ್ಡ್ ನಿಂತಿರುವ ಚಿತ್ರವನ್ನು ಮಾಲೀಕರಿಗೆ ಕಳಿಸಿರಿ; ಅಕ್ಟೋಬರ್‌ನ ಮಳೆ ಹಿಡಿದು ಹದಿನೈದು ದಿನ ಕಳೆದ ಮೇಲೆ ಅದೇ ಗೆರೆಯ ಬಳಿ ಅದೇ ಕಾರ್ಡನ್ನು ತೂರಿಸಲು ಅವರನ್ನೇ ಕರೆಯಿರಿ.